ಬಡ ಮಕ್ಕಳ ಜಾಣತನ ಗುರುತಿಸಲು ಆಪ್ಟಿಟ್ಯೂಡ್ ಟೆಸ್ಟ್ ಸಾಕಾ?

ಪಿಯು ಅಂಕ ಬಿಟ್ಟು ಆಪ್ಟಿಟ್ಯೂಡ್ ಟೆಸ್ಟ್ (ಓದಿದ ಪಾಠಕ್ಕಿಂತ ಯೋಚಿಸುವ ಸಾಮರ್ಥ್ಯ ಅಳೆಯುವ ಪರೀಕ್ಷೆ) ಇಟ್ಟರೆ ಬಡ ಮನೆಯ ಜಾಣ ಮಕ್ಕಳಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಜಗಳೂರು ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಬರೀ ಟೆಸ್ಟ್ ಇಟ್ಟರೆ ಆಗುವುದಿಲ್ಲ. ಆ ಅಂಕ ಎಂಥ ಶಾಲೆಯಿಂದ ಬಂತು ಅಂತಲೂ ನೋಡಬೇಕು.

ಬ್ರಿಟನ್‌ನಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಅನ್ನುವ ಟೆಸ್ಟನ್ನು ಬ್ರಿಟನ್ನಿನ ಸಾವಿರಾರು ವಿದ್ಯಾರ್ಥಿಗಳಿಂದ ಬರೆಸಿ, ಮುಂದೆ ಡಿಗ್ರಿಯಲ್ಲಿ ಹೇಗೆ ಓದಿದರು ಅಂತ ಗಮನಿಸಿದರು. 2010ರಲ್ಲಿ ವರದಿ ಬಂತು. ಮಾಮೂಲಿ ಶಾಲಾ ಪರೀಕ್ಷೆಗಳು ಹೇಳಿದ್ದಕ್ಕಿಂತ ಜಾಸ್ತಿ ಏನನ್ನೂ ಎಸ್‌ಎಟಿ ಹೇಳಲಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ವಿಷಯವಿತ್ತು. ಶಾಲೆಯಲ್ಲಿ ಒಂದೇ ಅಂಕ ಪಡೆದವರಲ್ಲಿ, ಸಾಮಾನ್ಯ ಸರ್ಕಾರಿ ಶಾಲೆಯವರು ಖಾಸಗಿ ಶಾಲೆಯವರಿಗಿಂತ ಡಿಗ್ರಿಯಲ್ಲಿ ಚೆನ್ನಾಗಿ ಮಾಡಿದ್ದರು.

ನನಗೆ ಇದು ಆಶ್ಚರ್ಯವಲ್ಲ. ದಾವಣಗೆರೆಯಲ್ಲಿ ಹಾಸ್ಟೆಲ್, ಕೋಚಿಂಗ್, ವಾರವಾರ ಟೆಸ್ಟ್ ಎಲ್ಲ ಇರುವ ಹುಡುಗನಿಗೆ 70 ಬಂತು ಅನ್ನಿ. ಮೆಕ್ಕೆಜೋಳ ಮುರಿಯುವ ಕಾಲಕ್ಕೆ ಕ್ಲಾಸ್ ತಪ್ಪಿಸಿಕೊಂಡು, ಇರುವ ಒಂದೇ ಬಸ್ಸಿಗೆ ಓಡಿ ಬರುವ ಹುಡುಗಿಗೂ 70 ಬಂತು. ಎರಡೂ ಒಂದೇ ಅಂತ ಹೇಗೆ ಹೇಳುವುದು?

ಅಮೆರಿಕದ ಡಾರ್ಟ್‌ಮೌತ್ ಕಾಲೇಜು 2024ರಲ್ಲಿ ಎಸ್‌ಎಟಿಯಂಥ ಪರೀಕ್ಷೆಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿತು. ಕಾರಣ ಕೇಳಿ. ಅಂಕ ಕೊಡುವುದು ಐಚ್ಛಿಕವಾಗಿದ್ದಾಗ, ಎಷ್ಟೋ ಬಡ ವಿದ್ಯಾರ್ಥಿಗಳು ತಮ್ಮ ಅಂಕ ಸಾಲದು ಅಂತ ತೋರಿಸಲೇ ಇಲ್ಲ. ಅವರ ಶಾಲೆಯನ್ನು ಗಮನದಲ್ಲಿಟ್ಟು ನೋಡಿದರೆ ಸೀಟು ಸಿಗಲು ನೆರವಾಗುವಂಥ ಅಂಕಗಳೇ ಅವು. ಹೀಗೆ ನೋಡುವವರಿದ್ದರೆ ಪರೀಕ್ಷೆ ಬಡ ಮಕ್ಕಳಿಗೂ ಒಳ್ಳೆಯದೇ.

ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಜೊತೆಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಇವು ಬೇಕೇ ಬೇಕು. ಆದರೆ ಗ್ರಾಮೀಣ ಮೀಸಲಾತಿ ಶಾಲೆ ಎಲ್ಲಿದೆ ಅಂತ ನೋಡುತ್ತದೆಯೇ ಹೊರತು ಅಲ್ಲಿ ಗಣಿತಕ್ಕೆ ಮೇಷ್ಟ್ರು ಇದ್ದರಾ ಅಂತ ನೋಡುವುದಿಲ್ಲ. ಹೊಸ ಟೆಸ್ಟ್ ತಂದರೆ ಅದಕ್ಕೂ ಕೋಚಿಂಗ್ ಸೆಂಟರ್ ಹುಟ್ಟಿಕೊಳ್ಳುತ್ತದೆ, ಫೀಸು ಕಟ್ಟುವವರು ಮುಂದೆ ಹೋಗುತ್ತಾರೆ. ಅದರ ಬದಲು ಪ್ರತಿ ಮಗುವಿನ ಅಂಕವನ್ನು ಅದೇ ಶಾಲೆಯ ಉಳಿದ ಮಕ್ಕಳ ಅಂಕದ ಪಕ್ಕದಲ್ಲಿಟ್ಟು ನೋಡಲಿ. ಆ ಲೆಕ್ಕಕ್ಕೆ ಬೇಕಾದ ಅಂಕಗಳೆಲ್ಲ ಪಿಯು ಪರೀಕ್ಷೆ ನಡೆಸುವ ಮಂಡಳಿಯ ಹತ್ತಿರ ಈಗಲೇ ಇವೆ.

ನಿಮ್ಮ ಮನೆಯಲ್ಲಿ ಯಾರಾದರೂ ಸಿಇಟಿ ಬರೆಯುವವರಿದ್ದರೆ, ಗ್ರಾಮೀಣ ಮೀಸಲಾತಿಗೆ ಬೇಕಾದ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯನ್ನು ಈಗಲೇ ಮಾಡಿಸಿಡಿ.