ಮೊದಲು ಒಂದು ಖೋಲಿ, ಆಮೇಲೆ ಕುಡಿತದ ಮಾತು

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ರಘು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋಗುತ್ತಿದ್ದವರು. ಯಾರೋ ಕಿವಿಯಲ್ಲಿ ಬೈದ ಹಾಗೆ ಕೇಳಿಸುತ್ತಿತ್ತು. ಆ ದನಿ ಅಡಗಲಿ ಅಂತ ಕುಡಿಯುತ್ತಿದ್ದರು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟಿನಲ್ಲೇ ಮಲಗುವವರಿಗೆ ಕೆಲಸದ ಜೊತೆ ಜಾಗವೂ ಹೋಗುತ್ತದೆ. ಆ ಮಳೆಗಾಲ ಅವರು ಬಸ್ ಸ್ಟ್ಯಾಂಡಿನಲ್ಲಿದ್ದರು.

ಅಂಕೋಲಾ ಕಡೆ ಇರುವ ಅವರ ಅಕ್ಕ ನನ್ನ ಬಳಿ ಕರೆತಂದಿದ್ದರು. "ಇವ ಕುಡಿಯೋದು ಬಿಡಲಿ ಮೇಡಂ, ಮರುದಿನವೇ ಮನೆಗೆ ಕರ್ಕೊಂಡು ಹೋಗ್ತೆ. ಮಾತ್ರೆನೂ ಸರಿ ತಗೊಳ್ಳೋದಿಲ್ಲ" ಎಂದರು. ರಘು ಮಾತಾಡಲಿಲ್ಲ. ಅಂಗಿ ಜೇಬಿನಿಂದ ಮಾತ್ರೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಮಳೆಗೆ ನೆನೆದು ಮಾತ್ರೆಗಳೆಲ್ಲ ಕರಗಿ, ಕಾಗದಕ್ಕೆ ಬಿಳಿ ಹಿಟ್ಟಾಗಿ ಮೆತ್ತಿಕೊಂಡಿದ್ದವು. ಬೆಂಚಿನ ಮೇಲೆ ಮಲಗುವವರು ಮಾತ್ರೆ ಇಡೋದಾದರೂ ಎಲ್ಲಿ?

ಅಕ್ಕನಿಗೆ ನಾನು ಹೇಳಿದ್ದು, ಮೊದಲು ಜಾಗ ಕೊಡಿ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಹೀಗೇ ಶುರು ಮಾಡಿದರು. ಕುಡಿತ ಬಿಡಬೇಕೆಂಬ ಷರತ್ತಿಲ್ಲದೆ ಬೀದಿಯಲ್ಲಿದ್ದವರಿಗೆ ಮನೆ ಕೊಡಿಸಿದರು. ಹೆಚ್ಚಿನವರು ಆ ಮನೆಗಳಲ್ಲಿ ಉಳಿದುಕೊಂಡರು. ಮನೆ ಸಿಕ್ಕಿತು ಅಂತ ಕುಡಿತ ತಾನಾಗೇ ಬಿಡೋದಿಲ್ಲ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು. ಆದರೆ ತಲೆ ಮೇಲೆ ಸೂರಿದ್ದರೆ ಆ ಚಿಕಿತ್ಸೆ ನಡೆಯುತ್ತದೆ.

"ಮನೇಲಿ ಬೆಳೆದ ಮಗಳಿದಾಳೆ" ಎಂದರು ಅಕ್ಕ. ಆ ಹೆದರಿಕೆ ನ್ಯಾಯವಾದದ್ದೇ. ಹಿತ್ತಲಲ್ಲಿ ಕಾಯಿ ತುಂಬಿಡುವ ಖೋಲಿಯಿತ್ತು, ಬಾಗಿಲೂ ಬೇರೆ. ಅದನ್ನೇ ಖಾಲಿ ಮಾಡಿಕೊಡಿ ಎಂದೆ. ಕುಡಿದ ದಿನ ದೊಡ್ಡ ಮನೆಯೊಳಗೆ ಬರುವಂತಿಲ್ಲ, ಊಟ ಖೋಲಿಗೇ. ಆದರೆ ಕುಡಿದರು ಅಂತ ಖೋಲಿ ಕಿತ್ತುಕೊಳ್ಳಬೇಡಿ. ರಘು ಈ ಮಾತಿಗೆ ತಲೆಯಾಡಿಸಿದರು.

"ಇವತ್ತಿಂದಲೇ ಒಂದು ತೊಟ್ಟೂ ಕೊಡೋದಿಲ್ಲ" ಎಂದು ಅಕ್ಕ ಹೊರಟಾಗ ತಡೆದೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಬುದ್ಧಿಭ್ರಮೆಯಾಗಿ ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಸೇರಿಸಿಯೇ ಬಿಡಿಸಿದ್ದು. ಕಿವಿಯ ದನಿಗೂ ಅಲ್ಲೇ ಚಿಕಿತ್ಸೆ ಮತ್ತೆ ಶುರುವಾಯಿತು. ದಿನಾ ಮಾತ್ರೆಯ ಬದಲು ತಿಂಗಳಿಗೊಂದು ಇಂಜೆಕ್ಷನ್ ಆಗುತ್ತದಾ ಎಂದು ಮನೋವೈದ್ಯರನ್ನು ಕೇಳಲು ಹೇಳಿದ್ದೆ, ಅವರು ಒಪ್ಪಿದರು.

ಬಿಡುಗಡೆ ಹೊತ್ತಿಗೆ ಅಕ್ಕ ಮತ್ತೆ ಅಳುಕಿದರು. ಇನ್ನಷ್ಟು ದಿನ ಅಲ್ಲೇ ಇರಲಿ ಎಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಮನೆಯಿಲ್ಲ ಅಥವಾ ಮನೆಯವರು ಒಪ್ಪೋದಿಲ್ಲ ಅನ್ನೋ ಕಾರಣಕ್ಕಷ್ಟೇ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದು ತಿಳಿಸಿದೆ. ಖೋಲಿಗೆ ಸುಣ್ಣ ಹೊಡೆಸಿದರು.

ರಘು ಈಗ ಅಲ್ಲೇ ಇದ್ದಾರೆ. ಇಂಜೆಕ್ಷನ್ ತಪ್ಪಿಸಿಲ್ಲ. ಕುಡಿತ ಪೂರ್ತಿ ನಿಂತಿಲ್ಲ, ಆಗಾಗ ಜಾರುತ್ತಾರೆ. ರಾತ್ರಿ ಗಾಬರಿಯಾದರೆ ಅಕ್ಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡುತ್ತಾರೆ. ಉಚಿತ, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.