ಚೀಟಿಯಲ್ಲಿದ್ದ ಎಫ್ 32.1

(ಹೆಸರು, ಗುರುತು ಬದಲಿಸಿದ್ದೇನೆ.)

ಆಪ್ತಸಲಹೆಗೆ ನನ್ನ ಬಳಿ ಬಂದ ಸುಮಾ ಕುಳಿತವರೇ ಮೊಬೈಲ್ ಕವರಿನೊಳಗೆ ಮಡಚಿಟ್ಟಿದ್ದ ಔಷಧಿ ಚೀಟಿ ತೆಗೆದು ಮುಂದಿಟ್ಟರು. ಮನೋವೈದ್ಯರು ಮೇಲ್ಗಡೆ ‘ಎಫ್ 32.1’ ಅಂತ ಬರೆದಿದ್ದರು. ಅದರ ಸುತ್ತ ಪೆನ್ನು ಎಳೆದು ಎಳೆದು ಕಾಗದ ತೂತಾಗಿತ್ತು. “ರಕ್ತಪರೀಕ್ಷೆ ಎಲ್ಲ ನಾರ್ಮಲ್ ಮೇಡಂ. ಮತ್ತೆ ಕಾಯಿಲೆ ಅಂತ ಹೇಗೆ ಬರೆದರು?”

ಕೇಳಲೇಬೇಕಾದ ಪ್ರಶ್ನೆ. ಎಫ್ 32.1 ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-10ರ ಸಂಕೇತ. ಮಧ್ಯಮ ಮಟ್ಟದ ಖಿನ್ನತೆ ಅಂತ ಅರ್ಥ. 2022ರಿಂದ ಐಸಿಡಿ-11 ಜಾರಿಯಲ್ಲಿದ್ದರೂ ಚೀಟಿಗಳಲ್ಲಿ ಹಳೆಯದು ಇನ್ನೂ ಕಾಣುತ್ತದೆ. ರಕ್ತದಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದು ಖಿನ್ನತೆ ಹುಡುಕುವುದಕ್ಕಲ್ಲ. ಥೈರಾಯ್ಡ್ ತೊಂದರೆಯೇ ಖಿನ್ನತೆಯ ಹಾಗೆ ಕಾಣುತ್ತಿದೆಯಾ ಅಂತ ನೋಡುವುದಕ್ಕೆ. ಖಿನ್ನತೆ ತೋರಿಸುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ನಾವು ಹೇಳಿದ್ದು, ಮನೆಯವರು ಹೇಳಿದ್ದು, ವೈದ್ಯರು ಕಣ್ಣಾರೆ ಕಂಡದ್ದು, ಇಷ್ಟೇ ಆಧಾರ. ಬೇಸರ, ನಿರಾಸಕ್ತಿ, ಸುಸ್ತು, ನಿದ್ದೆಗೇಡು ಎರಡು ವಾರವಾದರೂ ಇತ್ತಾ, ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು ಅಂತ ನೋಡುತ್ತಾರೆ.

ಎರಡನೇ ಸಲ ಅಕ್ಕನೂ ಬಂದಿದ್ದರು. ಮಾತಿನ ಮಧ್ಯೆ ಸುಮ್ನೆ ಅಂದರು: “ಮದುವೆಗೆ ಮುಂಚೆ ಒಮ್ಮೆ ಇದಕ್ಕೆ ಉಲ್ಟಾ ಇದ್ದಳು. ಹತ್ತು ಹನ್ನೆರಡು ದಿನ, ರಾತ್ರಿ ಎರಡು ಗಂಟೆ ಮಲಗಿದರೆ ಜಾಸ್ತಿ. ಸಾಲ ಮಾಡಿ ಹದಿನಾಲ್ಕು ಸೀರೆ ತಂದಳು. ಕೆಲಸಾನೂ ಬಿಟ್ಟಳು.”

ಸುಮಾ ತಲೆ ತಗ್ಗಿಸಿದರು. “ಡಾಕ್ಟರ್ ಕೇಳಿದ್ದರು. ಇಲ್ಲ ಅಂದೆ. ಆಗ ಖುಷಿಯಾಗಿದ್ದೆ, ಅದು ಕಾಯಿಲೆ ಹೇಗಾಗುತ್ತೆ?”

ಎಷ್ಟೋ ಜನ ಹೀಗೇ ಬಿಟ್ಟುಬಿಡುತ್ತಾರೆ. ಆದರೆ ಅಂಥ ಅತಿ ಉತ್ಸಾಹದ ಉಬ್ಬರ ದಿನಗಟ್ಟಲೆ ಇದ್ದಿದ್ದರೆ, ಇವತ್ತಿನ ಖಿನ್ನತೆ ಬೈಪೋಲಾರ್ ಕಾಯಿಲೆಯದಾಗಿರಬಹುದು, ಅಂದರೆ ಉಬ್ಬರವೂ ಖಿನ್ನತೆಯೂ ಬೇರೆ ಬೇರೆ ಸಮಯದಲ್ಲಿ ಬರುವ ಕಾಯಿಲೆ. ಆಗ ಔಷಧಿಯೇ ಬೇರೆ. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಿಗೆ ಉಬ್ಬರ ಮರುಕಳಿಸುತ್ತದೆ. ಅದನ್ನು ತೀರ್ಮಾನಿಸಬೇಕಾದವರು ಮನೋವೈದ್ಯರು, ನಾನಲ್ಲ. ಹಾಗಾಗಿ ನಾನು ಹೇಳಿದ್ದು: ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಇವತ್ತೇ ಅವರಿಗೆ ಫೋನ್ ಮಾಡಿ, ಅಕ್ಕನನ್ನೂ ಕರೆದುಕೊಂಡು ಹೋಗಿ. ಒಂದು ಹಾಳೆಯಲ್ಲಿ ಆ ಉಬ್ಬರದ ತಿಂಗಳು, ನಿದ್ದೆ, ಖರ್ಚು, ಜಗಳ ಎಲ್ಲ ಬರೆಸಿದೆ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅಕ್ಕನ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಚೀಟಿಯಲ್ಲಿ ‘ಎಫ್ 31’ ಅಂತಿತ್ತು, ಅಂದರೆ ಬೈಪೋಲಾರ್. “ಮೊದಲು ತಪ್ಪು ಬರೆದಿದ್ದರಾ?” ಅಂದರು ಅಕ್ಕ. ಆಗ ಡಾಕ್ಟರಿಗೆ ತಿಳಿದಿದ್ದು ಅರ್ಧ ಕಥೆ, ಆ ಅರ್ಧಕ್ಕೆ ಅದೇ ಸರಿ ಅಂದೆ. ಸುಮಾ ಹಾಳೆ ನನ್ನ ಕಡೆ ಸರಿಸಿದರು. ಕೆಳಗೆ ಇನ್ನೊಂದು ಸಾಲು ತಾವೇ ಸೇರಿಸಿದ್ದರು: ‘ಪಿಯುಸಿ ರಜೆ. ಒಂದು ವಾರ ನಿದ್ದೆ ಇರಲಿಲ್ಲ.’