ಹೊಸ ಕನ್ಸೋಲ್ ತಂದರೆ ಗೇಮ್ ಅಂಗಡಿಗೆ ಹೆಂಗಸರು, ಹಿರಿಯರೂ ಬರುತ್ತಾರಾ?

ನಿಂಟೆಂಡೊ ಸ್ವಿಚ್ 2 ಅನ್ನುವ ಕನ್ಸೋಲ್, ಅಂದರೆ ಟಿವಿಗೆ ಹಚ್ಚಿ ಗೇಮ್ ಆಡುವ ಡಬ್ಬಿ, ತಂದು ಬೀದರಿನಲ್ಲಿ ಗೇಮ್ ಅಂಗಡಿ ಇಟ್ಟರೆ ಮನೆಮಂದಿಯೆಲ್ಲ ಬರುತ್ತಾರಾ ಅಂತ ಕೇಳಿದ್ದೀರಿ. 2010ರಲ್ಲಿ ನಾನೂ ಇದನ್ನೇ ಕೇಳಿಕೊಂಡಿದ್ದೆ. ಉತ್ತರವನ್ನೂ ನಾನೇ ಕೊಟ್ಟುಕೊಂಡೆ, ತಪ್ಪಾಗಿದ್ದು ಅಲ್ಲೇ.

ಕಲಬುರಗಿ ಆಗಿನ್ನೂ ಗುಲ್ಬರ್ಗ. ಸೂಪರ್ ಮಾರ್ಕೆಟ್ ಹತ್ತಿರ ನನ್ನ ಅಂಗಡಿ. ಎರಡು ಪ್ಲೇಸ್ಟೇಷನ್ 2, ತಾಸಿಗೆ 20 ರೂಪಾಯಿ, ಬರುವವರೆಲ್ಲ ಕಾಲೇಜು ತಪ್ಪಿಸಿದ ಹುಡುಗರು. ಮುಂಬೈಯಿಂದ ನಿಂಟೆಂಡೊ ಕಂಪನಿಯ ವೀ ತರಿಸಿದೆ. ರಿಮೋಟ್ ಹಿಡಿದು ಕೈ ಬೀಸಿದರೆ ಟಿವಿಯಲ್ಲಿ ಚೆಂಡು ಉರುಳುತ್ತದೆ. ಮೊದಲು ಮನೆಯಲ್ಲಿ ಹಚ್ಚಿ ನೋಡಿದೆ. ಟಿವಿ ರಿಮೋಟನ್ನೇ ಮುಟ್ಟದ ನಮ್ಮ ಅವ್ವ ಸೆರಗು ಸಿಕ್ಕಿಸಿಕೊಂಡು ಬೌಲಿಂಗ್ ಆಡಿದಳು, ಕ್ರಿಕೆಟ್ಟಿನದ್ದಲ್ಲ, ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ. "ಇನ್ನೊಮ್ಮೆ ಕೊಡೋ" ಅಂದಳು. ಊರೆಲ್ಲ ಬರುತ್ತದೆ ಅಂದುಕೊಂಡೆ.

ನನ್ನನ್ನು ಮುಳುಗಿಸಿದ್ದು ಒಂದು ಪರದೆ. ಅಂಗಡಿ ಪಶ್ಚಿಮಕ್ಕೆ ಮುಖ, ನಮ್ಮ ಕಡೆ ಬಿಸಿಲು ಗೊತ್ತಲ್ಲ. ವೀ ಜೊತೆ ಟಿವಿ ಮೇಲಿಡುವ ಒಂದು ಪಟ್ಟಿ ಬರುತ್ತದೆ. ಅದರ ಎರಡು ತುದಿಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ರಿಮೋಟ್ ಅದನ್ನು ನೋಡಿ ದಿಕ್ಕು ಹಿಡಿಯುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದಲ್ವಾ, ಸಂಜೆಯಾದರೆ ರಿಮೋಟ್ ತೋರಿಸಿದ ಕಡೆ ಟಿವಿಯಲ್ಲಿ ಓಡಾಡುವ ಕೈ ಚಿತ್ರ ಹುಚ್ಚುಹುಚ್ಚಾಗಿ ಕುಣಿಯುತ್ತಿತ್ತು. ಅದಕ್ಕೆ ಬಾಗಿಲಿಗೆ ದಪ್ಪ ಕರಿ ಪರದೆ ಕಟ್ಟಿದೆ. ಬೌಲಿಂಗ್ ಆಡಲು ಆ ಪಟ್ಟಿ ಬೇಕಾಗಿಯೇ ಇರಲಿಲ್ಲ! ಆಟ ಆರಿಸುವಾಗ ಮಾತ್ರ ಬೇಕು. ಕೈ ಬೀಸಿದ್ದನ್ನು ರಿಮೋಟಿನೊಳಗಿನ ಬೇರೆ ಸೆನ್ಸರ್ ಹಿಡಿಯುತ್ತದೆ. ಇದು ಗೊತ್ತಾಗುವಷ್ಟರಲ್ಲಿ ಬಾಡಿಗೆ ಬಾಕಿ ಬಿದ್ದಿತ್ತು.

ಹೊರಗಿನವರಿಗೆ ಕಂಡದ್ದು ಕರಿ ಪರದೆ, ಹತ್ತು ಜೊತೆ ಗಂಡಸರ ಚಪ್ಪಲಿ, ಒಳಗಿಂದ ಬೈಗುಳ. ಥೇಟ್ ಇಸ್ಪೀಟ್ ಅಡ್ಡೆ. ಪಕ್ಕದ ಟೇಲರ್ ಹತ್ತಿರ ದಿನಾ ಹೆಂಗಸರು ಬರುತ್ತಿದ್ದರು, ಒಬ್ಬರೂ ಇಣುಕಲಿಲ್ಲ. ಒಂದು ಸಂಜೆ ಪರದೆ ಒಗೆಯಲು ಬಿಚ್ಚಿದ್ದೆ. ಬ್ಲೌಸ್ ಒಯ್ಯಲು ಬಂದಿದ್ದ ಒಬ್ಬರು ಮಗನ ಕೈ ಹಿಡಿದು ಒಳಗೆ ಬಂದರು. ಅರ್ಧ ತಾಸು ಆಡಿ, 10 ರೂಪಾಯಿ ಕೊಟ್ಟು, ನಗುತ್ತಾ ಹೋದರು. ಮರುದಿನ ಪರದೆ ಒಣಗಿತು, ನಾನು ಮತ್ತೆ ಕಟ್ಟಿದೆ. ಅಷ್ಟು ನನ್ನ ಬುದ್ಧಿ.

ಅದಕ್ಕೇ ಹೇಳುವುದು, ಯಾವ ಕನ್ಸೋಲ್ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ವೀ ಲೋಕದಲ್ಲೆಲ್ಲ 10 ಕೋಟಿಗೂ ಜಾಸ್ತಿ ಮಾರಾಟವಾಯಿತು. ಅದೇ ಕಂಪನಿ 2012ರಲ್ಲಿ ತಂದ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ಬೌಲಿಂಗಿಗೆ ಬಂದವರು ಬೌಲಿಂಗಿಗೆ ಬಂದಿದ್ದರು, ಡಬ್ಬಿಗಲ್ಲ. ಈಗಂತೂ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹೊಸದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಹಳೇ ವೀ ಸಿಕ್ಕರೂ ಸಾಕು. ಗಾಜಿನ ಬಾಗಿಲು ಹಾಕಿಸಿ, ಸಂಜೆ ಎರಡು ತಾಸು ಹುಡುಗರ ಗುಂಪನ್ನು ಹೊರಗಿಡಿ. ಅವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ನೀವು ನೋಡಿದ ಜಾಗದ ಬಾಗಿಲು ಯಾವ ದಿಕ್ಕಿಗಿದೆ, ಪಕ್ಕದಲ್ಲಿ ಯಾವ ಅಂಗಡಿ ಇದೆ? ಅದನ್ನು ಮೊದಲು ಬರೆಯಿರಿ.